ಗಾಳಿ ಯಾರಿಗೆ, ಕೈ ಯಾರದು?

ಹಳೇ ಬೀಸಣಿಕೆ ಕೂಡಿಸೋ ಹವ್ಯಾಸದ ಮೇಲೆ ನನಗೊಂದು ತಕರಾರಿದೆ. ಹವ್ಯಾಸ ಚಂದನೇ. ಲಂಡನ್ನಿನ ಗ್ರೀನಿಚ್‌ನಲ್ಲಿ 1991ರಿಂದ ಬೀಸಣಿಕೆಗಳಿಗಂತಲೇ ಒಂದು ಮ್ಯೂಸಿಯಂ ಇದೆ. ಜಪಾನಿನ ಮಡಚುವ ಬೀಸಣಿಕೆ, ಯುರೋಪಿನ ಆನೆದಂತದ ಕಡ್ಡಿ, ಮುತ್ತಿನಚಿಪ್ಪು, ರೇಷ್ಮೆ ಮೇಲಿನ ಚಿತ್ರ ಎಲ್ಲಾ ನೋಡಬೇಕಾದವೇ. ಆದರೆ ಸಂಗ್ರಾಹಕರು ಕೇಳೋದು ಹೆಚ್ಚಾಗಿ ಮೂರೇ ಪ್ರಶ್ನೆ: ಯಾವ ದೇಶ, ಯಾವ ಕಾಲ, ಯಾತರಿಂದ ಮಾಡಿದ್ದು? ಯಾರು ಯಾರಿಗೆ ಬೀಸಿದರು ಅನ್ನೋದು ಚೀಟಿಯಲ್ಲಿ ಇರೋದು ಅಪರೂಪ.

ದಖ್ಖನಿನ ದರ್ಬಾರಿ ಚಿತ್ರಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ನಮ್ಮ ಸುರಪುರದಲ್ಲೂ ನಾಯಕ ಅರಸರ ಆಶ್ರಯದಲ್ಲಿ ಬಂಗಾರದ ರೇಕು ಹಚ್ಚಿದ ಚಿತ್ರಕಲೆ ಬೆಳೀತು. ಇಂಥ ಚಿತ್ರಗಳಲ್ಲಿ ದೊರೆಯ ಹಿಂದೆ ಚಾಮರ ಹಿಡಿದವರು ನಿಂತಿರ್ತಾರೆ. ಅವರ ಹೆಸರು ನಮಗೆ ಗೊತ್ತಾಗಲ್ಲ, ನಿಜ. ಆದರೂ ಕಲಾವಿದ ಆ ಕೈ ಬರೆದಿದ್ದಾನೆ. ಗಾಜಿನ ಪೆಟ್ಟಿಗೆ ಅದನ್ನೇ ಕತ್ತರಿಸಿ ಹಾಕುತ್ತೆ. ಬ್ರಿಟಿಷರ ಬಂಗಲೆಗಳಲ್ಲೂ ಹಿಂಗೇ ಇತ್ತು: ಸೂರಿಗೆ ತೂಗುಹಾಕಿದ ಬಟ್ಟೆಯ ಪಂಖಾದ ಹಗ್ಗ ಎಳೆಯುವವನು ಎಷ್ಟೋ ಸಲ ಹೊರಗಿನ ಪಡಸಾಲೆಯಲ್ಲಿ. ಒಳಗೆ ಬರ್ತಿದ್ದದ್ದು ಗಾಳಿ ಮಾತ್ರ.

ಇನ್ನು 'ಆಂಟಿಕ್' ಅನ್ನೋ ಮಾತು. 1972ರ ನಮ್ಮ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ, ಸಾಮಾನ್ಯವಾಗಿ ವಸ್ತುವಿಗೆ ಕನಿಷ್ಠ 100 ವರ್ಷ ಆಗಿರಬೇಕು. ದಂತ, ಬೆಳ್ಳಿ 100 ವರ್ಷ ಬಾಳ್ತವೆ. ಈಚಲ ಗರಿ? ಎರಡು ಬ್ಯಾಸಗಿ ಕಂಡರೆ ಹೆಚ್ಚು. ಸಗರನಾಡಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನಮ್ಮ ಆಯಿ ಗರಿಯ ಬೀಸಣಿಕೆಗೆ ನೀರು ಚಿಮುಕಿಸಿ ಮೊಮ್ಮಕ್ಕಳಿಗೆ ಗಾಳಿ ಹಾಕ್ತಿದ್ದಳು. ಅಂಚು ಬಿಚ್ಚಿದರೆ ಹಳೇ ಸೀರೆ ತುಂಡು ಹಚ್ಚಿ ಹೊಲಿಯೋದು. ನಿದ್ದೆಗಣ್ಣಲ್ಲಿ ಕೈ ನಿಂತರೆ, ಮಗ್ಗಲಲ್ಲಿದ್ದವರು ಮುಲುಗಿದ ಕೂಡಲೇ ಮತ್ತೆ ಶುರು. 'ಆಯಿ, ಸಾಕ್ ಬಿಡು' ಅಂದರೆ, 'ನೀ ಮಲಕೋ, ನಂಗೇನ್ ಆಗ್ತದ' ಅನ್ನೋಳು. ಆ ಗರಿ ಯಾವತ್ತೋ ಒಲೆ ಸೇರಿತು. ಅಂದರೆ ವಯಸ್ಸನ್ನೇ ಅಳತೆಗೋಲು ಮಾಡಿಕೊಂಡರೆ, ಉಳಿಯೋದು ಉಳ್ಳವರ ಗಾಳಿಯ ಇತಿಹಾಸ.

ಇದಕ್ಕೆ ಬೇರೆ ದಾರಿ ಇದೆ. ಚಿತ್ರಕಲಾವಿದ ಜತಿನ್ ದಾಸ್ ದಶಕಗಟ್ಟಲೆ ಸಾವಿರಾರು ಬೀಸಣಿಕೆ ಕೂಡಿಸಿದರು. ಹಳ್ಳಿಮನೆಯ ಗರಿ, ಬಿದಿರು, ಬಟ್ಟೆಯವಕ್ಕೂ ಅಲ್ಲಿ ಜಾಗ ಸಿಕ್ಕಿತು. ವಸ್ತು ಹಳೆಯದಾಗುವ ತನಕ ಕಾಯದೆ, ಬಳಕೆಯಲ್ಲಿರುವಾಗಲೇ ಎತ್ತಿಟ್ಟುಕೊಳ್ಳೋದು ಅಂದರೆ ಇದು.

ಆದ್ದರಿಂದ, ಆನ್‌ಲೈನ್ ಹರಾಜಿನಲ್ಲಿ ಚೈನಾದ ಬೀಸಣಿಕೆಗೆ ಬೆಲೆ ಕೂಗೋ ಗೆಳೆಯರೇ, ಕೂಗಿ, ಬೇಡ ಅನ್ನಲ್ಲ. ಆದರೆ ಈ ಸಲ ಊರಿಗೆ ಹೋದಾಗ ಸಂತೆಯಲ್ಲಿ ಗರಿಯದ್ದೊಂದು ಸಿಕ್ಕರೆ ತಗೊಳ್ಳಿ. ಹೆಣೆದವರು ಯಾರು, ಗರಿ ಎಲ್ಲಿಯದು, ಒಂದಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಕೇಳಿ ಬರೆದಿಡಿ. ಆ ಚೀಟಿ ಇಲ್ಲದಿದ್ದರೆ, ಎಷ್ಟೇ ದುಬಾರಿ ಬೀಸಣಿಕೆಯಾದರೂ ಅರ್ಧ ಕಥೆಯಷ್ಟೇ.