ಕಂಬ ಒಡೆಯುವುದಕ್ಕೂ ಮುಂಚೆ: ‘ಭಕ್ತ ಪ್ರಹ್ಲಾದ’ ನೋಡಲು ಕೂರುವವರಿಗೆ

ರಾಗಿ ಕಣ ಮುಗಿದು, ಕಡಲೆಕಾಯಿ ಮಾರಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ನಾಟಕದ ಫ್ಲೆಕ್ಸುಗಳು ಏಳುತ್ತವೆ. ಕಿರೀಟ ತೊಟ್ಟ ಊರಿನವರ ಫೋಟೊಗಳು ಸಾಲಾಗಿ, ಪಕ್ಕದಲ್ಲಿ ಪಾತ್ರದ ಹೆಸರು, ಕೆಳಗೆ ಹಾರ್ಮೋನಿಯಂ ಮೇಷ್ಟ್ರ ಹೆಸರು, ಸೀನರಿಯವರ ಹೆಸರು. ಹೆಚ್ಚಿನವು ‘ಕುರುಕ್ಷೇತ್ರ’. ಅದು ಬಿಟ್ಟರೆ ‘ದಾನಶೂರ ಕರ್ಣ’, ‘ಸಂಪೂರ್ಣ ರಾಮಾಯಣ’, ಶನಿಮಹಾತ್ಮನ ಮಹಿಮೆ ಹೇಳುವ ‘ರಾಜಾ ವಿಕ್ರಮ’. ‘ಭಕ್ತ ಪ್ರಹ್ಲಾದ’ಕ್ಕೆ ಪದ್ಯ ಹಾಡಬಲ್ಲ, ರಾತ್ರಿಯಿಡೀ ನಿದ್ದೆಗೆಡಬಲ್ಲ ಮಗು ಬೇಕು. ಅಂಥ ಮಗು ಎಲ್ಲ ಊರಲ್ಲೂ ಸಿಗುವುದಿಲ್ಲ. ಹಾಗಾಗಿ ಈ ನಾಟಕದ ಫ್ಲೆಕ್ಸು ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ. ಒಂದು ಶಾಲು, ಒಂದು ಚಾಪೆ ಹಿಡಿದು ಹೋಗಿ.

ಪೌರಾಣಿಕ ನಾಟಕವನ್ನು ಒಮ್ಮೆಯೂ ಪೂರ್ತಿ ನೋಡದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಮೊಬೈಲಿನಲ್ಲಿ ಉಸಿರು ಬಿಗಿಹಿಡಿದು ನೋಡುವ ಕಥೆಗಳು ನನಗೂ ಗೊತ್ತು: ಎಲ್ಲರಿಗೂ ಇಲ್ಲದ ಶಕ್ತಿಯೊಂದು ಒಂದು ಮಗುವಿಗಿದೆ, ಒಬ್ಬನೇ ಮನುಷ್ಯನನ್ನು ದೇವರೆಂದು ಪೂಜಿಸುವ ಗುಂಪೊಂದು ಆ ಮಗುವನ್ನು ಬಗ್ಗಿಸಬೇಕು ಇಲ್ಲವೇ ಮುಗಿಸಬೇಕು ಎಂದು ಹೊರಟಿದೆ, ಅದನ್ನು ಕಾಪಾಡುವವರು ಯಾರು? ಪ್ರಹ್ಲಾದನ ಕಥೆಯ ಎಲುಬುಗೂಡು ಇದೇ. ಭಯ ಮಾತ್ರ ಇಲ್ಲಿ ಇನ್ನೂ ಹತ್ತಿರದ್ದು. ಆ ಗುಂಪಿನ ಮುಖಂಡ ಮಗುವಿನ ಅಪ್ಪ ಹಿರಣ್ಯಕಶಿಪು. ಅಡಗಿಕೊಳ್ಳೋಣವೆಂದರೆ ಊರಾಚೆಯ ಮನೆಯಿಲ್ಲ, ಇಡೀ ರಾಜ್ಯವೇ ಅವನದು. ಪಾಠಶಾಲೆಯಲ್ಲಿ ಮಕ್ಕಳು ಮೊದಲು ಕಲಿಯಬೇಕಾದ ನಾಮವೂ ಅವನದೇ.

ಹೊಸಬರು ಸಾಮಾನ್ಯವಾಗಿ ಬೆಳಗಿನ ಜಾವ ಕಂಬ ಒಡೆದು ನರಸಿಂಹ ಹೊರಬರುವ ಸೀನಿಗಾಗಿ ಕಾಯುತ್ತಾರೆ. ಅಲ್ಲಿಯವರೆಗೆ ಟೀ ಅಂಗಡಿ, ಮಂಡಕ್ಕಿ, ಮಾತು. ಕಂಬ ಬಂತೆಂದರೆ ಮೊಬೈಲ್ ಎತ್ತಿ ವಿಡಿಯೊ. ನನ್ನ ಮಟ್ಟಿಗೆ ಆಟದ ಜೀವವಿರುವುದು ಅದಕ್ಕೂ ಮುಂಚೆ. ಮಗುವಿನ ಸುತ್ತ ನಿಂತ ದೊಡ್ಡವರನ್ನು ನೋಡುತ್ತಾ ಬನ್ನಿ. ತಾಯಿ, ಮೇಷ್ಟ್ರು, ಮಂತ್ರಿ, ಮಾವಟಿಗ, ಕಟುಕ, ಪ್ರತಿಯೊಬ್ಬರಿಗೂ ಒಂದು ಅಪ್ಪಣೆ ಬರುತ್ತದೆ. ಯಾರ ಕೈ ನಡುಗುತ್ತದೆ, ಯಾರದು ನಡುಗುವುದಿಲ್ಲ ಎಂಬುದನ್ನು ಗಮನಿಸಿದವರಿಗೆ ಈ ನಾಟಕ ಒಂದು ನಿಮಿಷವೂ ಬೇಸರ ತರಿಸುವುದಿಲ್ಲ.

ಕಥೆ ಮಗು ಹುಟ್ಟುವ ಮುಂಚೆಯೇ ಶುರುವಾಗುತ್ತದೆ. ಭಾಗವತದ ಏಳನೆಯ ಸ್ಕಂಧದ ಪ್ರಕಾರ, ಹಿರಣ್ಯಕಶಿಪು ಮಂದರ ಪರ್ವತದಲ್ಲಿ ತಪಸ್ಸಿಗೆ ಕೂತಾಗ ಇಂದ್ರ ಅವನ ಬಸುರಿ ಹೆಂಡತಿ ಕಯಾದುವನ್ನು ಎಳೆದೊಯ್ಯುತ್ತಾನೆ. ಹುಟ್ಟುವ ಅಸುರಶಿಶುವನ್ನು ಕೊಲ್ಲಬೇಕೆಂಬುದು ಅವನ ಲೆಕ್ಕ. ನಾರದ ಅಡ್ಡ ಬಂದು ಬಿಡಿಸಿ, ಅವಳನ್ನು ತನ್ನ ಆಶ್ರಮದಲ್ಲಿ ಇಟ್ಟುಕೊಳ್ಳುತ್ತಾನೆ. ಅಲ್ಲಿ ಅವನು ಹೇಳಿದ ಹರಿಭಕ್ತಿಯ ಉಪದೇಶವನ್ನು ಕೂಸು ಹೊಟ್ಟೆಯೊಳಗಿಂದಲೇ ಕೇಳಿಸಿಕೊಳ್ಳುತ್ತದೆ. ಅಂದರೆ ಈ ಮಗುವಿನ ಮೇಲೆ ಮೊದಲು ಕೈ ಎತ್ತಿದವರು ದೇವತೆಗಳು. ನಾಟಕದವರು ಈ ಭಾಗವನ್ನು ಒಂದು ಸೀನಿನಲ್ಲಿ ಮುಗಿಸುತ್ತಾರೆ, ಇಲ್ಲವೇ ನಾರದನ ಬಾಯಲ್ಲಿ ನಾಲ್ಕು ಮಾತು ಹೇಳಿಸಿ ದಾಟಿಸುತ್ತಾರೆ. ನೀವು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ತಾಯಿಯ ಪ್ರತಿ ಮಾತಿಗೂ ತೂಕ ಬರುತ್ತದೆ. ಒಮ್ಮೆ ಕಾಪಾಡಿಕೊಂಡು ಬಂದ ಕೂಸನ್ನು ಅವಳು ಎರಡನೇ ಸಲ ಕಾಪಾಡಬೇಕಾಗಿದೆ, ಅದೂ ಗಂಡನಿಂದ.

ಇನ್ನು ಕೇಳುವ ಬಗೆ. ಪೌರಾಣಿಕ ನಾಟಕಕ್ಕೆ ಹೋಗುವವರು ಕಿವಿಯನ್ನು ಮೊದಲು ಹದ ಮಾಡಿಕೊಳ್ಳಬೇಕು. ನಟರು ಹಾಡುವುದರಲ್ಲಿ ಎರಡು ಜಾತಿ. ತಾಳಕ್ಕೆ ಕೂಡಿದ ಹಾಡುಗಳು ಒಂದು ಕಡೆ, ಕಂದ, ವೃತ್ತ, ಸೀಸಪದ್ಯಗಳು ಇನ್ನೊಂದು ಕಡೆ. ಹಾಡು ಯಾರಿಗಾದರೂ ಹಿಡಿಸುತ್ತದೆ. ಪದ್ಯದ ರುಚಿ ಹತ್ತುವುದು ಸ್ವಲ್ಪ ತಡ, ಹತ್ತಿದ ಮೇಲೆ ಬಿಡುವುದಿಲ್ಲ. ಕಂದದಲ್ಲಿ ನಾಲ್ಕು ಸಾಲು. ಒಂದು ಮತ್ತು ಮೂರನೆಯದು 12 ಮಾತ್ರೆ, ಎರಡು ಮತ್ತು ನಾಲ್ಕನೆಯದು 20 ಮಾತ್ರೆ. ಆ ಗಿಡ್ಡ ಸಾಲಿನಲ್ಲಿ ನಟ ಪ್ರಶ್ನೆ ಎಸೆದು, ಉದ್ದ ಸಾಲಿನಲ್ಲಿ ಅದನ್ನು ಬಿಚ್ಚುತ್ತಾನೆ. ತಾಳದ ಕಟ್ಟಿಲ್ಲದೆ, ಮಾತಿನ ಬಿಗಿಗೆ ತಕ್ಕಂತೆ ಎಳೆದು ಹಾಡುವಾಗ ಹಾರ್ಮೋನಿಯಂ ಅವನ ಹಿಂದೆಯೇ ಹೆಜ್ಜೆ ಹಾಕುತ್ತದೆ. ಒಳ್ಳೆಯ ನಟ ಯಾವ ಪದದ ಮೇಲೆ ನಿಲ್ಲುತ್ತಾನೆ ನೋಡಿ. ಹಿರಣ್ಯಕಶಿಪು ‘ಎಲ್ಲಿ’ ಎಂಬ ಪದದ ಮೇಲೆ ನಿಂತರೆ ಅವನಿಗೆ ಪಾತ್ರ ಅರ್ಥವಾಗಿದೆ. ‘ಹರಿ’ ಎಂಬ ಪದದ ಮೇಲೆ ಗಮಕ ಸುರಿದರೆ ಕಂಠ ತೋರಿಸುತ್ತಿದ್ದಾನೆ ಅಷ್ಟೆ. ಹಗೆಯ ಆ ಹೆಸರನ್ನು ಅವನ ನಾಲಗೆ ಸಲೀಸಾಗಿ ಉಚ್ಚರಿಸಲೇಬಾರದು.

ಪಾವಗಡದ ಕಡೆ ಈ ಪದ್ಯಗಳಿಗೆ ತೆಲುಗಿನ ಬನಿಯೂ ಸೇರುತ್ತದೆ. ಆ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರವೇ, ಮನೆಮಾತು ತೆಲುಗಾದವರು ಬಹಳ. ಅವರಿಗೆ ಪ್ರಹ್ಲಾದನೆಂದರೆ ಪೋತನನ ಭಾಗವತದ ಪ್ರಹ್ಲಾದ, ತಾಯಿ ಕಯಾದು ಅಲ್ಲಿ ಲೀಲಾವತಿ. ತೆಲುಗಿನ ಮೊದಲ ಟಾಕಿಯೇ 1932ರ ‘ಭಕ್ತ ಪ್ರಹ್ಲಾದ’. 1967ರಲ್ಲಿ ಅದೇ ಕಥೆ ಮತ್ತೆ ತೆರೆಗೆ ಬಂದಾಗ ಎಸ್.ವಿ. ರಂಗಾರಾವ್ ಹಿರಣ್ಯಕಶಿಪು ಆದರು. ಕನ್ನಡದಲ್ಲಿ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಅವರ ಮಗ, ಮುಂದೆ ನಮ್ಮೆಲ್ಲರ ಪುನೀತ್ ಆದ ಬಾಲಕ ಲೋಹಿತ್, ಪ್ರಹ್ಲಾದ. ಹಳ್ಳಿಯ ಹಿರಣ್ಯಕಶಿಪುಗಳ ಮೇಲೆ ಈ ಇಬ್ಬರು ದೊಡ್ಡವರ ನೆರಳು ಬೀಳುವುದು ಸಹಜ. ಮೀಸೆ ತಿರುವುವುದು ರಂಗಾರಾವ್ ಅವರದು, ಮಾತಿನ ಏರಿಳಿತ ರಾಜ್ ಅವರದು ಎಂದು ಗುರುತಿಸುವುದು ನೋಡುಗರಿಗೂ ಒಂದು ಖುಷಿ. ಆದರೆ ಅನುಕರಣೆ ಮುಗಿದು ನಟ ತನ್ನದೇ ದನಿಗೆ ಬರುವ ಗಳಿಗೆಯೊಂದಿರುತ್ತದೆ. ಅದು ಹೆಚ್ಚಾಗಿ ಬರುವುದು ತೊಡೆಯ ಸೀನಿನಲ್ಲಿ.

ಆ ಸೀನಿನ ಬಗ್ಗೆ ಬಿಡಿಸಿ ಹೇಳಬೇಕು. ಪಾಠಶಾಲೆಯಿಂದ ಬಂದ ಮಗನನ್ನು ಅಪ್ಪ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಕಲಿತದ್ದರಲ್ಲಿ ಒಳ್ಳೆಯದನ್ನು ಒಂದು ಹೇಳು ಮಗು, ಎನ್ನುತ್ತಾನೆ. ಈ ಹೊತ್ತಿನಲ್ಲಿ ಅವನು ರಾಕ್ಷಸನಲ್ಲ, ಮಗನ ಓದು ಕೇಳಿ ಬೀಗಲು ಕೂತ ಒಬ್ಬ ಅಪ್ಪ. ಪಕ್ಕದಲ್ಲಿ ಗುರುಗಳಾದ ಚಂಡಾಮರ್ಕರು ಬೆವರುತ್ತಿದ್ದಾರೆ. ಮಗು ಏನು ಹೇಳಬಹುದೆಂದು ಅವರಿಗೆ ಗೊತ್ತು. ತಾಯಿಗೂ ಗೊತ್ತು. ಜನರಿಗೂ ಗೊತ್ತು. ಅಪ್ಪನಿಗೊಬ್ಬನಿಗೆ ಗೊತ್ತಿಲ್ಲ. ಮಗು ಬಾಯಿ ತೆರೆಯುತ್ತದೆ, ಹರಿಯ ಹೆಸರು ಬರುತ್ತದೆ. ಇಲ್ಲಿ ಅಪ್ಪನ ಮುಖ ನೋಡಬೇಡಿ, ಕೈ ನೋಡಿ. ಮಗನ ತಲೆ ಸವರುತ್ತಿದ್ದ ಕೈ ನಿಲ್ಲುತ್ತದೆ. ಚೆನ್ನಾಗಿ ಕಲಿತ ನಟ ತಕ್ಷಣ ಕೂಗುವುದಿಲ್ಲ. ಕೈಯನ್ನು ಮೆಲ್ಲಗೆ ತೆಗೆದು, ನಗುತ್ತಲೇ ಗುರುಗಳ ಕಡೆ ತಿರುಗುತ್ತಾನೆ. ಆ ನಗುವಿಗಿಂತ ಭಯದ್ದು ಈ ನಾಟಕದಲ್ಲಿ ಇನ್ನೊಂದಿಲ್ಲ. ಕೆಲವರು ಇಲ್ಲಿಯೇ ಗದೆ ಎತ್ತಿ ಅಬ್ಬರಿಸಿಬಿಡುತ್ತಾರೆ, ಶಿಳ್ಳೆಯೂ ಬೀಳುತ್ತದೆ. ಅಂಥವರ ಆಟಕ್ಕೆ ಆಮೇಲೆ ಮೇಲೇರಲು ಜಾಗವೇ ಇರುವುದಿಲ್ಲ.

ಚಂಡಾಮರ್ಕರನ್ನು ನಮ್ಮ ಕಡೆ ಹಾಸ್ಯಕ್ಕೆ ಬಳಸುತ್ತಾರೆ. ಜುಟ್ಟು, ಪಂಚಾಂಗ, ಮುರುಕು ಕನ್ನಡಕ, ಮಕ್ಕಳ ಕೈಲಿ ಪೆಟ್ಟು. ನಗಿ, ತಪ್ಪೇನಿಲ್ಲ. ಆದರೆ ಅವರು ಹೆದರಿದ ಮೇಷ್ಟ್ರುಗಳು ಎಂಬುದನ್ನು ಮರೆಯಬೇಡಿ. ಸಂಬಳ ಅರಮನೆಯದು, ತಲೆಯೂ ಅರಮನೆಯದೇ. ವಿಷ್ಣುಪುರಾಣದಲ್ಲಿ ಪುರೋಹಿತರು ಮಗುವಿನ ಮೇಲೆ ಕೃತ್ಯೆಯೆಂಬ ಕೊಲ್ಲುವ ಶಕ್ತಿಯನ್ನು ಎಬ್ಬಿಸುತ್ತಾರೆ. ಅದರ ಶೂಲ ಮಗುವಿನ ಎದೆಗೆ ತಾಗಿ ಮುರಿಯುತ್ತದೆ. ಕೃತ್ಯೆ ತಿರುಗಿ ಎಬ್ಬಿಸಿದವರನ್ನೇ ಸುಡುತ್ತದೆ. ಆಗ ಪ್ರಹ್ಲಾದ ಅವರನ್ನು ಬದುಕಿಸೆಂದು ಬೇಡಿಕೊಂಡು ಬದುಕಿಸುತ್ತಾನೆ. ಈ ಪ್ರಸಂಗವನ್ನು ರಂಗಕ್ಕೆ ತರುವವರು ಕಡಿಮೆ. ತಂದರೆ ಆ ಮೇಷ್ಟ್ರುಗಳ ಹಾಸ್ಯ ಒಂದೇ ಸಲಕ್ಕೆ ಕಣ್ಣೀರಾಗುತ್ತದೆ.

ಕೊಲ್ಲುವ ಪ್ರಯತ್ನಗಳ ಸಾಲು ಉದ್ದ: ಆನೆ, ಹಾವು, ಬೆಟ್ಟದಿಂದ ನೂಕುವುದು, ಬೆಂಕಿ, ಸಮುದ್ರ, ವಿಷ. ಆನೆ ಬಟ್ಟೆ ರಟ್ಟಿನದಿರಬಹುದು, ಬೆಟ್ಟ ಸೀನರಿಯವರು ಬಾಡಿಗೆಗೆ ತಂದ ಪರದೆಯಿರಬಹುದು. ಅದರಲ್ಲಿ ಕೊರತೆ ಹುಡುಕುತ್ತಾ ಕೂರಬೇಡಿ. ವಿಷದ ಸೀನಿಗೆ ಮಾತ್ರ ಯಾವ ಸಲಕರಣೆಯೂ ಬೇಡ, ಒಂದು ಲೋಟ ಸಾಕು. ತಾಯಿಯ ಕೈಯಿಂದಲೇ ಕುಡಿಸಬೇಕೆಂದು ಅಪ್ಪಣೆಯಾಗಿರುತ್ತದೆ. ಸ್ತ್ರೀಪಾತ್ರಕ್ಕೆ ಹೆಚ್ಚಾಗಿ ಹೊರಗಿನಿಂದ ವೃತ್ತಿಕಲಾವಿದೆಯರು ಬರುತ್ತಾರೆ. ಇಂದು ಈ ಊರು, ನಾಳೆ ಆ ಊರು. ಆ ಹುಡುಗನ ಜೊತೆ ಅವರು ಪ್ರಾಕ್ಟೀಸು ಮಾಡಿರುವುದೇ ಅಪರೂಪ. ಆದರೂ ಲೋಟ ಹಿಡಿದು ಅವರು ಪದ್ಯ ಎತ್ತಿದರೆಂದರೆ ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗುತ್ತದೆ. ಊರಿನ ಗಂಡಸರ ಕಿರೀಟದ ನಡುವೆ ಈ ಕಲಾವಿದೆಯರಿಗೆ ಸಿಗುವ ಗೌರವ ಕಡಿಮೆ ಎಂಬ ನೋವು ನನಗೆ ಯಾವತ್ತೂ ಇದೆ. ಆ ಪದ್ಯ ಮುಗಿದಾಗ ಜೋರಾಗಿ ಚಪ್ಪಾಳೆ ತಟ್ಟಿ.

‘ಒನ್ಸ್ ಮೋರ್’ ಕೂಗುವುದು, ನಡುವೆ ಹಾರ ಹಾಕುವುದು, ಗಣ್ಯರ ಭಾಷಣ, ಇವೆಲ್ಲ ಇದ್ದೇ ಇರುತ್ತವೆ. ತಿಂಗಳುಗಟ್ಟಲೆ ಮೇಷ್ಟ್ರ ಹತ್ತಿರ ಕಲಿತು, ತನ್ನ ಪಾತ್ರಕ್ಕೆ ತಾನೇ ದುಡ್ಡು ಹಾಕಿಕೊಂಡು ರಂಗ ಹತ್ತಿದ ರೈತನಿಗೆ ನೆಂಟರು ಹಾರ ಹಾಕದೆ ಇರುತ್ತಾರೆಯೇ? ಅದನ್ನು ಸಹಿಸಿಕೊಳ್ಳಿ. ವಿಷದ ಲೋಟ ಮಗುವಿನ ತುಟಿಗೆ ಬಂದಾಗ ‘ಒನ್ಸ್ ಮೋರ್’ ಕೂಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅದೃಷ್ಟವಿದ್ದರೆ ಇದೇ ಕಥೆಯನ್ನು ಮೂಡಲಪಾಯ ಯಕ್ಷಗಾನದಲ್ಲಿ ನೋಡಬಹುದು. ಅಲ್ಲಿ ಹಾರ್ಮೋನಿಯಂ ಜಾಗದಲ್ಲಿ ಮುಖವೀಣೆ, ತಬಲದ ಜಾಗದಲ್ಲಿ ಮದ್ದಳೆ, ಕಥೆ ನಡೆಸಲು ಭಾಗವತ, ಪಾತ್ರಗಳನ್ನು ಮಾತಿಗೆ ಎಳೆಯಲು ಸಾರಥಿ. ನಾಟಕದಲ್ಲಿ ಅಪ್ಪನನ್ನು ನೋಡುತ್ತೀರಿ, ಮೂಡಲಪಾಯದಲ್ಲಿ ರಕ್ಕಸನನ್ನು ನೋಡುತ್ತೀರಿ. ಎರಡನ್ನೂ ನೋಡಿದವರು ಭಾಗ್ಯವಂತರು.

ಕಂಬಕ್ಕೆ ಬರೋಣ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ, ಭೂಮಿಯಲ್ಲ ಆಕಾಶವಲ್ಲ ಎಂದು ಸಾವಿಗೆ ಇದ್ದ ಬಾಗಿಲನ್ನೆಲ್ಲ ಮುಚ್ಚಿಕೊಂಡವನು ಹಿರಣ್ಯಕಶಿಪು. ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು ಎಂಬ ಸಂದುಗಳಿಂದ ಸಾವು ಬರುತ್ತದೆ. ಆ ತೊಡೆಯನ್ನು ಗುರುತು ಇಟ್ಟುಕೊಳ್ಳಿ: ಮೊದಲು ಮಗ ಕೂತದ್ದು ಅಪ್ಪನ ತೊಡೆಯ ಮೇಲೆ, ಕೊನೆಗೆ ಅಪ್ಪ ಬೀಳುವುದು ನರಸಿಂಹನ ತೊಡೆಯ ಮೇಲೆ. ದೇವರಾಯನದುರ್ಗ ಮತ್ತು ಸೀಬಿಯ ನರಸಿಂಹನಿಗೆ ನಡೆದುಕೊಳ್ಳುವ ಸೀಮೆ ಇದು. ನರಸಿಂಹಮೂರ್ತಿ, ನರಸಪ್ಪ, ಲಕ್ಷ್ಮೀನರಸಮ್ಮ ಎಂಬ ಹೆಸರಿಲ್ಲದ ಬೀದಿ ಇಲ್ಲಿ ಸಿಗುವುದು ಕಷ್ಟ. ಹಾಗಾಗಿ ಕಂಬ ಒಡೆದಾಗ ಜನ ಎದ್ದು ಕೈಮುಗಿಯುತ್ತಾರೆ, ಯಾರೋ ತೆಂಗಿನಕಾಯಿ ಒಡೆಯುತ್ತಾರೆ. ತಮಿಳುನಾಡಿನ ಮೇಲಟ್ಟೂರಿನ ಭಾಗವತಮೇಳದಲ್ಲಿ ನರಸಿಂಹನ ಮುಖವಾಡಕ್ಕೆ ದೇವಸ್ಥಾನದಲ್ಲೇ ಪೂಜೆ, ನರಸಿಂಹ ಜಯಂತಿಗೆ ‘ಪ್ರಹ್ಲಾದ ಚರಿತ್ರ’ದ ಆಟ. ನಮ್ಮಲ್ಲೂ ನರಸಿಂಹನ ಪಾತ್ರ ಮಾಡುವವರು ಉಪವಾಸವಿದ್ದು ವೇಷ ಕಟ್ಟುವುದುಂಟು, ಆವೇಶ ಮೀರದಂತೆ ಹಿಂದಿನಿಂದ ಇಬ್ಬರು ಹಿಡಿದುಕೊಳ್ಳುವುದುಂಟು. ಇದನ್ನು ಮೊಬೈಲಿನ ಚೌಕಟ್ಟಿನೊಳಗಿಂದ ನೋಡಬೇಡಿ. ಕಂಬದ ಮುಂದೆ ಹೊಗೆ ಎದ್ದಾಗ ಪ್ರಹ್ಲಾದನ ವೇಷದ ಮಗು ಏನು ಮಾಡುತ್ತಿದೆ ನೋಡಿ. ಗರ್ಜನೆಗೆ ಎಲ್ಲರೂ ಹಿಂದೆ ಸರಿಯುವಾಗ ಕೈಮುಗಿದು ಅಲುಗದೆ ನಿಂತಿದ್ದರೆ, ಆ ಮಗುವಿಗೆ ಕಲಿಸಿದ ಮೇಷ್ಟ್ರಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಿರಣ್ಯಕಶಿಪು ಸತ್ತರೂ ನರಸಿಂಹನ ಸಿಟ್ಟು ಇಳಿದಿರುವುದಿಲ್ಲ. ದೇವತೆಗಳು ಹತ್ತಿರ ಹೋಗಲಾರರು, ಲಕ್ಷ್ಮಿಯೂ ಹೆದರಿ ದೂರ ನಿಲ್ಲುತ್ತಾಳೆ. ಆಗ ಪ್ರಹ್ಲಾದನನ್ನು ಕಳಿಸುತ್ತಾರೆ. ಇಡೀ ರಾತ್ರಿ ಎಲ್ಲರೂ ಕೊಲ್ಲಲು ಹೊರಟಿದ್ದ ಮಗು ಈಗ ಎಲ್ಲರ ಪರವಾಗಿ ಆ ಉರಿಯ ಮುಂದೆ ನಡೆದು ಹೋಗಬೇಕು. ಅಪ್ಪನ ಹೆಣ ಅಲ್ಲೇ ಬಿದ್ದಿದೆ. ಭಾಗವತದಲ್ಲಿ ಮಗು ವರವಾಗಿ ಕೇಳುವುದು ಆ ಅಪ್ಪನಿಗೆ ಒಳ್ಳೆಯದಾಗಲಿ ಎಂದು. ಬೆಳಗಾಯಿತು, ಹಾಲು ಕರೆಯುವ ಹೊತ್ತಾಯಿತು, ಜನ ಚಾಪೆ ಸುತ್ತುತ್ತಿದ್ದಾರೆ ಎಂದು ಬಹಳ ತಂಡಗಳು ಈ ಭಾಗವನ್ನು ಹಾರಿಸಿ ನೇರ ಮಂಗಳಕ್ಕೆ ಹೋಗುತ್ತವೆ. ನಿಮ್ಮೂರಲ್ಲಿ ಪ್ರಾಕ್ಟೀಸು ನಡೆಯುತ್ತಿದ್ದರೆ ಒಂದು ಸಂಜೆ ಹೋಗಿ, ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತು, ಆ ಸೀನನ್ನು ಬಿಡಬೇಡಿ ಎಂದು ಕೇಳಿಕೊಳ್ಳಿ. ಗಣ್ಯರ ಭಾಷಣದಲ್ಲಿ ಕಾಲು ಗಂಟೆ ಕಡಿಮೆ ಮಾಡಿದರೆ ಅದಕ್ಕೆ ಬೇಕಾದ ಹೊತ್ತು ಸಿಗುತ್ತದೆ.