ಕತ್ತರಿ ಬಿದ್ದ ವರ್ಷಗಳು

2018ರ ಡಿಸೆಂಬರಿನಲ್ಲಿ ತೆರೆಗೆ ಬಂದ ‘ಕೆ.ಜಿ.ಎಫ್’ ಸಿನಿಮಾವನ್ನೂ 2022ರಲ್ಲಿ ಬಂದ ಅದರ ಎರಡನೇ ಭಾಗವನ್ನೂ ನಾಡು ಹಬ್ಬದ ಹಾಗೆ ಆಚರಿಸಿತು. ಕನ್ನಡ ಸಿನಿಮಾ ಇಂಡಿಯಾವನ್ನೇ ಗೆದ್ದಿತು ಅಂದರು. ಗೆಲ್ಲಲಿ, ಬೇಡ ಅಂದವರು ಯಾರು? ಆದರೆ ಆ ಹೆಸರಿನ ಊರು ಕೋಲಾರ ಜಿಲ್ಲೆಯಲ್ಲಿ ನಿಜವಾಗಿ ಇದೆ. ಅಲ್ಲಿ ಜನ ಇದ್ದಾರೆ. ಆ ಜನರ ಮಕ್ಕಳೂ ಇದೇ ಸಿನಿಮಾಕ್ಕೆ ಸಿಳ್ಳೆ ಹೊಡೆದವರೇ. ಹಾಗಾಗಿ ಬಡವರ ಮಕ್ಕಳ ಬಗ್ಗೆ ಈ ಸಿನಿಮಾ ಏನು ಹೇಳುತ್ತೆ ಅಂತ ಕೇಳುವ ಹಕ್ಕು ನಮಗಿದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಬಡತನದಲ್ಲಿ ಸಾಯುತ್ತಿರುವ ತಾಯಿ, ಸಿರಿವಂತನಾಗೇ ಸಾಯಬೇಕು ಅಂತ ಮಗನಿಂದ ಮಾತು ತಗೊಳ್ತಾಳೆ. ಹುಡುಗ ಬೊಂಬಾಯಿ ಸೇರಿ ಬೂಟು ಪಾಲಿಶ್ ಮಾಡ್ತಾನೆ, ಪೊಲೀಸಿನವನ ತಲೆ ಮೇಲೆ ಬಾಟಲಿ ಒಡೀತಾನೆ. ಮುಂದೆ ನೋಡಿದರೆ ಗಡ್ಡ ಬಿಟ್ಟ ಗಂಡಸು, ಅವನ ಹಿಂದೆ ಬೆಂಕಿ, ಹೊಗೆ. ಬಾಲ್ಯದ ತುಣುಕುಗಳು ಆಗಾಗ ಬಂದು ಹೋಗುತ್ತವೆ, ಅದೂ ಹೀರೋನ ಸಿಟ್ಟಿಗೆ ಎಣ್ಣೆ ಹೊಯ್ಯೋದಕ್ಕೆ. ಹತ್ತು ವರ್ಷದ ಹುಡುಗ ಇಪ್ಪತ್ತೇಳರ ಗಂಡಸಾಗುವ ನಡುವಿನ ಕಾಲಕ್ಕೆ ಎಡಿಟರ್ ಕತ್ತರಿ ಹಾಕಿದ್ದಾನೆ. ನನ್ನ ತಕರಾರು ಇರುವುದು ಆ ಕತ್ತರಿಯ ಬಗ್ಗೆ. ಬಡತನ ತನ್ನ ಕೆಲಸವನ್ನೆಲ್ಲ ಮಾಡಿ ಮುಗಿಸುವುದು ಆ ವರ್ಷಗಳಲ್ಲೇ.

ಗಣಿಯ ದೂಳನ್ನೇ ನೋಡಿ. ಸಿನಿಮಾದಲ್ಲಿ ದೂಳು ಬಲು ಚೆಂದ, ಬೆಳಕಿನ ಕೋಲಿನಲ್ಲಿ ಹೊನ್ನಿನ ಹುಡಿಯಂತೆ ತೇಲುತ್ತದೆ. ನಿಜದ ದೂಳು ಹತ್ತು, ಹದಿನೈದು, ಇಪ್ಪತ್ತು ವರ್ಷ ಕಾದು ಕೂತು ಪುಪ್ಪುಸವನ್ನು ಕಲ್ಲು ಮಾಡುತ್ತದೆ. 1940ರ ದಶಕದಲ್ಲಿ ಇಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಅಪ್ಪನ ಕೆಮ್ಮು ಜೋರಾದಷ್ಟೂ ಮಗ ಶಾಲೆ ಬಿಡುವ ದಿನ ಹತ್ತಿರ ಬರುತ್ತೆ. ಇದನ್ನು ತೋರಿಸಲು ಯಾವ ಸ್ಫೋಟವೂ ಬೇಕಿಲ್ಲ. ತಾಳ್ಮೆ ಬೇಕು. ಆ ತಾಳ್ಮೆ ನೂರಾರು ಕೋಟಿಯ ಸಿನಿಮಾಕ್ಕೆ ಇರೋದಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ನೆಲದಡಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು. ಊರಿನ ಜಾತಿ ಕಾಟದಿಂದ, ಜೀತದಿಂದ, ಬರಗಾಲದಿಂದ ಓಡಿ ಬಂದವರಿಗೆ ಮೂರು ಕಿಲೋಮೀಟರಿಗೂ ಆಳದ ಆ ಬಿಸಿ ಕತ್ತಲೂ ಬಿಡುಗಡೆಯಂತೆ ಕಂಡಿರಬೇಕು. ತಟ್ಟಿ ಗೋಡೆಯ ಲೈನು ಮನೆ, ಒಂದೇ ಕೋಣೆ. ಅಪ್ಪ ಮೇಲೆ ಬಂದರೆ ಮಗ ಕೆಳಗೆ ಇಳಿಯೋದು, ಮೂರು ನಾಲ್ಕು ತಲೆಮಾರು ಹೀಗೇ ನಡೆಯಿತು. ದೊರೆಗಳ ಬಂಗಲೆ, ಕ್ಲಬ್ಬು ನೋಡಿ ‘ಮಿನಿ ಇಂಗ್ಲೆಂಡ್’ ಅಂತ ಇವತ್ತಿಗೂ ಹಾಡಿ ಹೊಗಳುವವರಿದ್ದಾರೆ. ಆ ಇಂಗ್ಲೆಂಡಿನಲ್ಲಿ ಅವರ ತಾತ ಎಲ್ಲಿದ್ದ ಅಂತ ಒಂದು ಸಲ ಕೇಳಿ ನೋಡಬೇಕು.

ಈಗ 1985ರಲ್ಲಿ ಚಾಂಪಿಯನ್ ರೀಫಿನ ಲೈನಿನಲ್ಲಿ ಹುಟ್ಟಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಅವನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೇನು ತಿಂಗಳು. ಮೂರು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಒಂದೇ ದಿನ ಸಂಬಳ ನಿಂತಿತು. ಪರೀಕ್ಷೆ ಬರೆದನೋ ಇಲ್ಲವೋ, ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲಂತೂ ಹತ್ತಿದ. ಊರಗಾಂ, ಬಂಗಾರಪೇಟೆ, ಬೆಂಗಳೂರು. ಗಾರೆ ಕೆಲಸ, ಆಮೇಲೆ ಸೆಕ್ಯೂರಿಟಿ, ಆಮೇಲೆ ಯಾವುದೋ ಗೋಡೌನು. ಹೋಗ್ತಾ ಬರ್ತಾ ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ. ಬಂಗಾರಪೇಟೆ ಸುತ್ತಿನ ಹಳ್ಳಿಗಳಿಂದ ಬರುವ ಕೂಲಿಯವರ ಮಕ್ಕಳೂ ಅದೇ ಬೋಗಿಗೆ ತೂರಿಕೊಳ್ಳುತ್ತಾರೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ನಿಂತಲ್ಲೇ ತೂಕಡಿಸುತ್ತಾರೆ. ಓದಿಗೆ ಬೇಕಾದ ಹೊತ್ತು, ಸಂಘಕ್ಕೆ ಬೇಕಾದ ಹೊತ್ತು, ಮಗುವಿಗೆ ಅಕ್ಷರ ತಿದ್ದಿಸುವ ಹೊತ್ತು ಹಳಿಗಳ ಮೇಲೇ ಸವೆದು ಹೋಗುತ್ತೆ. 2018ರಲ್ಲಿ ಸಿನಿಮಾ ಬಂದಾಗ ನಮ್ಮ ಹುಡುಗನಿಗೆ ಮೂವತ್ತಮೂರು. ಹೀರೋಗಿಂತ ಆರು ವರ್ಷ ದೊಡ್ಡವನು. ತಾನು ಯಾಕೆ ಹಾಗಾಗಲಿಲ್ಲ ಅಂತ ಅವನು ಕೇಳಿಕೊಂಡರೆ, ನಿನಗೆ ಎದೆಗಾರಿಕೆ ಸಾಲದು ಅನ್ನುವುದೇ ಸಿನಿಮಾ ಕೊಡುವ ಉತ್ತರ.

ಇದಕ್ಕಿಂತ ದೊಡ್ಡ ಅನ್ಯಾಯ ಮತ್ತೊಂದಿದೆ. ಸಿನಿಮಾದ ‘ನರಾಚಿ’ ಗಣಿಯಲ್ಲಿ ದುಡಿಯುವ ಜನ ಬಾಯಿಲ್ಲದ ಗುಲಾಮರು, ಹೊರಗಿನಿಂದ ಬರುವ ವೀರನಿಗೆ ಕಾಯುವವರು. ನಿಜದ ಗಣಿ ಜನಕ್ಕೆ ಬಾಯಿ ಇತ್ತು. ಅಯೋತಿ ದಾಸರ ಶಾಕ್ಯ ಬೌದ್ಧ ಸಂಘ 20ನೇ ಶತಮಾನದ ಮೊದಲ ವರ್ಷಗಳಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫಿನಲ್ಲಿ ನೆಲೆಯೂರಿತ್ತು. 1914ರಲ್ಲಿ ಅವರು ತೀರಿಕೊಂಡರು. ಅವರ ‘ತಮಿಳನ್’ ಪತ್ರಿಕೆ ಆಮೇಲೆ ಈ ಗಣಿ ಊರಿನಿಂದಲೇ ಮತ್ತೆ ಹೊರಟಿತು. ಗಣಿ ಕೂಲಿಗಳು ನಡೆಸಿದ ಪತ್ರಿಕೆ ಸ್ವಾಮಿ, ನಮ್ಮ ಈ ಪುಟಗಳಿಗಿಂತ ಎಷ್ಟು ಮುಂಚೆ! 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ಕಂಪನಿ ಕಟ್ಟಳೆಯ ವಿರುದ್ಧ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. 1946ರಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿ ಬಿದ್ದರು. ಆಮೇಲೆ ರಿಪಬ್ಲಿಕನ್ ಪಕ್ಷದವರನ್ನೂ ಕಮ್ಯುನಿಸ್ಟರನ್ನೂ ವಿಧಾನಸಭೆಗೆ ಕಳಿಸಿದರು. ಇದಾವುದೂ ಗೊತ್ತಿಲ್ಲದ ಮಗುವಿಗೆ ತನ್ನ ಅಜ್ಜ ಗುಲಾಮ ಅಂತ ಕಲಿಸಿಕೊಡುವ ಸಿನಿಮಾ ಇದು. ಚಿತ್ರೀಕರಣ ಮಾತ್ರ ಆ ಅಜ್ಜಂದಿರು ಅಗೆದು ಮೇಲೆ ತಂದ ಮಣ್ಣಿನ, ಸಯನೈಡ್ ದಿಬ್ಬಗಳ ಮೇಲೆಯೇ ನಡೆಯಿತು.

ಒಬ್ಬಂಟಿ ಸಾಹಸ ನಿಜದಲ್ಲಿ ಎಲ್ಲಿಗೆ ಮುಟ್ಟಿಸುತ್ತೆ? 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂನ ಪಾಳು ಗಣಿಗೆ ಕದಿಯಲು ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಮರುದಿನದ ಪತ್ರಿಕೆಗಳು ಅವರನ್ನು ಕಳ್ಳರು ಅಂದವು. ತೆರೆಯ ಮೇಲೆ ಗಣಿಯನ್ನೇ ಹೊಡೆದುಕೊಂಡವನಿಗೆ ಆರತಿ ಎತ್ತಿದವರು ನಾವು.

ಪ. ರಂಜಿತ್ ಅವರ ತಮಿಳು ಸಿನಿಮಾ ‘ತಂಗಲಾನ್’ 2024ರಲ್ಲಿ ಬಂತು. ಅದರಲ್ಲಿ ಮಂತ್ರ ಮಾಯೆಯ ಗದ್ದಲ ಹೆಚ್ಚಾಯಿತು ಅನ್ನುವುದು ನನ್ನ ಅನಿಸಿಕೆ. ಆದರೂ ಚಿನ್ನ ಅಗೆದವರ ಜಾತಿ ಯಾವುದು, ಅವರು ಯಾವ ಜಮೀನು ಕಳಕೊಂಡು ಬಂದರು ಅಂತ ಅದು ಹೇಳಿತು, ಅಷ್ಟು ಮಾನ ಉಳಿಸಿತು. ಅದು ಚಿನ್ನ ಹುಡುಕುವ ಕಾಲದ ಕಥೆ. ಗಣಿ ಮುಚ್ಚಿದ ಮೇಲೆ ಹುಟ್ಟಿದವರ ಕಥೆ ಅದರಲ್ಲೂ ಇಲ್ಲ.

ಸಿನಿಮಾದವರನ್ನು ಬೈದು ಸುಮ್ಮನಾದರೆ ಸಾಲದು. ಹೊಲಗೇರಿಯ ಹಸಿವನ್ನು ಕನ್ನಡದಲ್ಲಿ ಬರೆದ ನಾವು ಚಿನ್ನದ ಗಣಿಯ ಹಸಿವನ್ನು ಎಷ್ಟು ಬರೆದೆವು? ಅವರು ತಮಿಳರು ಅಂತ ಪಕ್ಕಕ್ಕೆ ಸರಿಸಿದೆವಾ? ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಕಛೇರಿಯಲ್ಲಿ ಕನ್ನಡ, ಕೆಲಸ ಕೇಳಲು ಹೋದಲ್ಲಿ ಇಂಗ್ಲಿಷು, ಇಷ್ಟರ ನಡುವೆ ಬೆಳೆದ ಮಗು ಎಲ್ಲ ಕಡೆಯೂ ತಪ್ಪು ಮಾತಾಡುವವನು ಅನ್ನಿಸಿಕೊಳ್ಳುತ್ತೆ. ಬಂಗಾರಪೇಟೆಯ ಮೇಷ್ಟರುಗಳು ಒಂದು ಕೆಲಸ ಮಾಡಬಹುದು: ಮಕ್ಕಳಿಂದ ಅವರ ಅಪ್ಪ, ಅವ್ವ ಹತ್ತರಿಂದ ಇಪ್ಪತ್ತೇಳರ ತನಕ ಏನು ಮಾಡಿದರು ಅಂತ ವರ್ಷವಾರು ಬರೆಸಲಿ. ಗಾರ್ಮೆಂಟ್ಸಿನ ಹುಡುಗಿಯೂ ಬರೆಯಲಿ. ಅವಳು ತನ್ನ ತಮಿಳು ಬೆರೆತ ಕನ್ನಡದಲ್ಲಿ ಬರೆದು ಕಳಿಸಿದರೆ, ಭಾಷೆ ಸರಿಯಿಲ್ಲ ಅಂತ ಬದಿಗಿಡುವ ಸಂಪಾದಕರು ನಮ್ಮ ಬಂಡಾಯದವರಲ್ಲೂ ಇದ್ದಾರೆ.