ಒಂಟಿ ತಂತಿಯ ವಾಣಿ

ತಾಳವಾದ್ಯವೆಂದರೆ ಪಕ್ಕವಾದ್ಯವೆಂದು ಎಣಿಸುವುದು ವಾಡಿಕೆ. ಬ್ರೆಜಿಲ್ ದೇಶದ ರೆಸಿಫೆಯಲ್ಲಿ ಜನಿಸಿ ಜಾಝ್ ಸಂಗೀತದಲ್ಲಿ ಹೆಸರಾದ ನಾನಾ ವಾಸ್ಕೊನ್ಸೆಲೋಸರ (1944–2016) ‘ಸೌದಾಜಿಸ್’ ಎಂಬ 1979ರ ಧ್ವನಿಮುದ್ರಿಕೆಯನ್ನು ಇಂದು ಮರಳಿ ಕೇಳುವ ಸಹೃದಯರಿಗೆ ಆ ಎಣಿಕೆ ಸಡಿಲದೆ ಇರದು.

ಅವರ ಬೆರಿಂಬೌ ಬಿಲ್ಲಿಗೆ ಬಿಗಿದ ಒಂದೇ ತಂತಿಯ ವಾದ್ಯ. ಕಪೊಯೆರಾ ಎಂಬ ಕಾಳಗದ ಕುಣಿತಕ್ಕೆ ಗತಿಯನ್ನೀಯುವಂಥದು. ಕಡ್ಡಿ ತಟ್ಟಿದರೆ ತಂತಿ ಮಿಡಿಯುತ್ತದೆ, ಕಲ್ಲನ್ನೊತ್ತಿದರೆ ಸ್ವರವೇರುತ್ತದೆ, ಸೋರೆಬುರುಡೆ ಒಡಲಿಗೆ ತಾಗಿ ಅಗಲಿದಂತೆ ನಾದವು ಮುಚ್ಚಿ ತೆರೆಯುತ್ತದೆ. ಇಂತಹ ವಾದ್ಯವನ್ನು ಅವರು ಸ್ಟುಟ್‌ಗಾರ್ಟಿನ ರೇಡಿಯೋ ವಾದ್ಯವೃಂದದ ಮುಂದೆ ನಾಯಕಸ್ಥಾನದಲ್ಲಿ ನಿಲ್ಲಿಸಿದರು.

ವೃಂದದ ಮಾಧುರ್ಯ ಕೆಲವೆಡೆ ಅತಿಯಾಗಿ ಬರಿಯ ಅಲಂಕಾರವಾಗುವುದುಂಟು. ಆದರೂ ಒಂಟಿ ತಂತಿ ತನ್ನ ಒರಟುತನವನ್ನು ಬಿಟ್ಟುಕೊಟ್ಟಿಲ್ಲ. ಅಗಲಿಕೆಯ ಹಂಬಲವನ್ನು ಸೂಚಿಸುವ ಆ ಹೆಸರು ಸಾರ್ಥಕವಾದುದು ಈ ಒರಟು ದನಿಯಿಂದಲೇ.